ನಟ್ ಬಿಚ್ಚುವಾಗ ಗೀರು ಬೀಳುವ ಗಳಿಗೆ

ನನ್ನ ಕಾರಿನ ಮುಂದಿನ ಎಡಚಕ್ರಕ್ಕೆ ಐದು ನಟ್‌ಗಳು. ಐದೂ ನಟ್‌ಗಳು ಹುದುಗಿ ಕೂತಿರುವ ಕುಳಿಗಳ ಅಂಚಿನಲ್ಲಿ ಉಗುರಿನ ಮೊನೆಯಷ್ಟು ಗೀರುಗಳಿವೆ. ಮೂರು ಗೀರು ಒಂದು ವರ್ಕ್‌ಶಾಪಿನಲ್ಲಿ ಟೈರ್ ಬದಲಿಸುವಾಗ ಆದವು. ಉಳಿದೆರಡು ನನ್ನ ಕೈಯಿಂದಲೇ ಆದವು. ಇನ್ನು ಮುಂದೆ ನನ್ನ ಚಕ್ರವನ್ನು ನಾನೇ ಬಿಚ್ಚುತ್ತೇನೆ ಎಂದು ಸಿಟ್ಟಿನಲ್ಲಿ ಹೊರಟವನು ಮೊದಲ ದಿನವೇ ಯಾರನ್ನು ಬೈದಿದ್ದೆನೋ ಅವರ ಸಾಲಿಗೆ ಸೇರಿಕೊಂಡೆ.

ಬರೀ ಉಕ್ಕಿನ ಚಕ್ರವಾಗಿದ್ದರೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನನ್ನವು ಅಲಾಯ್, ಅಂದರೆ ಅಲ್ಯೂಮಿನಿಯಮ್ ಮಿಶ್ರಲೋಹದ ಚಕ್ರಗಳು. ಅದರಲ್ಲೂ ಮುಖವನ್ನು ಲೇತಿನಲ್ಲಿ ಹೊಳಪಾಗಿ ಕೆತ್ತಿ, ಮೇಲೆ ಪಾರದರ್ಶಕ ಲ್ಯಾಕರ್ ಬಳಿದವು; ಡೈಮಂಡ್ ಕಟ್ ಎನ್ನುತ್ತಾರಲ್ಲ, ಅವು. ಅಲ್ಯೂಮಿನಿಯಮ್ಮಿಗೂ ನೀರಿಗೂ ನಡುವೆ ಇರುವುದು ಆ ತೆಳುವಾದ ಲ್ಯಾಕರ್ ಒಂದೇ. ಅದು ಒಂದು ಕಡೆ ಒಡೆದರೆ ತೇವ ಒಳಗಿಳಿದು, ಲ್ಯಾಕರಿನ ಅಡಿಯಲ್ಲೇ ಬಿಳಿ ಹುಳು ಹರಿದಂತೆ ಸವಕಳಿ ಹಬ್ಬುತ್ತದೆ. ವರ್ಕ್‌ಶಾಪಿನ ಮೂರು ಗೀರುಗಳಲ್ಲಿ ಒಂದರಿಂದ ಈಗಾಗಲೇ ಅಂಥ ಬಿಳಿ ಗೆರೆಯೊಂದು ಹೊರಟಿದೆ. ಬಣ್ಣದ ಡಬ್ಬಿ ತಂದು ತೇಪೆ ಹಚ್ಚೋಣವೆಂದರೆ, ಕೆತ್ತಿದ ಲೋಹದ ಹೊಳಪಿಗೆ ಹೊಂದುವ ಬಣ್ಣವೇ ಇಲ್ಲ.

ನಾನು ಮಾಡಿದ ಎರಡು ಗೀರುಗಳಿಂದ ಒಂದು ಲಾಭವಾಯಿತು. ಕಾರು ಇನ್ನೂ ನಿಂತ ಜಾಗದಲ್ಲೇ ಇದ್ದಾಗ ಅವನ್ನು ಬಗ್ಗಿ ನೋಡಿದೆ. ಎರಡೂ ಕುಳಿಯ ಕೆಳ ಅಂಚಿನಲ್ಲೇ ಇದ್ದವು. ಸಾಕೆಟ್, ಅಂದರೆ ನಟ್ಟನ್ನು ಹಿಡಿಯುವ ಸ್ಪ್ಯಾನರಿನ ಬಾಯಿ, ಕುಳಿಯೊಳಗೆ ಸುತ್ತುವಾಗ ಉಜ್ಜಿ ಗೀರು ಬೀಳುತ್ತದೆ ಎಂದುಕೊಂಡಿದ್ದೆ. ಹಾಗಿದ್ದರೆ ಗೀರು ಸುತ್ತಲೂ ಇರಬೇಕಿತ್ತು. ಕೆಳಗೆ ಮಾತ್ರ ಏಕೆ?

ಸ್ಪ್ಯಾನರನ್ನು ಮತ್ತೆ ನಟ್‌ಗೆ ಹಾಕಿ ನೋಡಿದಾಗ ತಿಳಿಯಿತು. ಹಿಡಿಯನ್ನು ಎಡಕ್ಕೆ ಅಡ್ಡಲಾಗಿ ಇಟ್ಟು ತುದಿಯನ್ನು ಕೆಳಕ್ಕೆ ಒತ್ತುತ್ತೇವೆ. ಹಿಡಿ ಇರುವುದು ಚಕ್ರದ ಮುಖಕ್ಕಿಂತ ಒಂದು ಗೇಣು ಹೊರಗೆ. ನಾವು ಹಾಕುವ ಬಲದಲ್ಲಿ ನಟ್ಟನ್ನು ತಿರುಗಿಸುವ ಪಾಲು ಒಂದು, ಸಾಕೆಟ್ಟಿನ ಹೊರತುದಿಯನ್ನು ಕೆಳಕ್ಕೆ ಜಗ್ಗುವ ಪಾಲು ಇನ್ನೊಂದು. ನಟ್ ಬಿಗಿಯಾಗಿದ್ದಷ್ಟು ಹೊತ್ತು ಸಾಕೆಟ್ ಕೆಳಕ್ಕೆ ವಾಲಿಕೊಂಡು ಕುಳಿಯ ಕೆಳ ಅಂಚಿಗೆ ಒರಗಿರುತ್ತದೆ. 'ಕಟ್' ಎಂದು ನಟ್ ಬಿಟ್ಟ ಗಳಿಗೆಯಲ್ಲಿ ಮೈಭಾರವೆಲ್ಲ ಹಿಡಿಯ ಮೇಲೆ ಬಿದ್ದು, ಒರಗಿಕೊಂಡಿದ್ದ ಉಕ್ಕು ಆ ಅಂಚನ್ನು ತರಚುತ್ತದೆ. ಕಾಲಿನಿಂದ ತುಳಿದು ಬಿಚ್ಚುವವರ ಚಕ್ರ ಯಾಕೆ ಹಾಗಾಗುತ್ತದೆ ಎಂಬುದೂ ಆಗ ಅರ್ಥವಾಯಿತು. ಡಿಕ್ಕಿಯಲ್ಲಿ ಸ್ಟೆಪ್ನಿಯ ಜೊತೆ ಬರುವ ಎಲ್ ಆಕಾರದ ಸ್ಪ್ಯಾನರಿನ ಬಾಯಿಗೆ ಆಳ ಕಡಿಮೆ. ನಟ್ಟಿನ ತಲೆಯನ್ನಷ್ಟೇ ಹಿಡಿಯುವುದರಿಂದ ಅದು ಇನ್ನೂ ಬೇಗ ವಾಲುತ್ತದೆ. ನನ್ನ ಆಯುಧ ಅದೇ ಆಗಿತ್ತು.

ಇಷ್ಟು ಗೊತ್ತಾದ ಮೇಲೆ ನಾನು ಮಾಡಿಕೊಂಡ ಬದಲಾವಣೆಗಳಲ್ಲಿ ಬಹುಪಾಲು ಈ ವಾಲುವಿಕೆಯನ್ನು ತಡೆಯುವುದಕ್ಕೇ. ಅತಿ ಸುಲಭದ ದಾರಿ ಪ್ಲಸ್ ಆಕಾರದ ಸ್ಪ್ಯಾನರ್. ಒಂದು ಕೈ ಎಡತೋಳನ್ನು ಕೆಳಕ್ಕೆ ಒತ್ತುತ್ತದೆ, ಇನ್ನೊಂದು ಕೈ ಬಲತೋಳನ್ನು ಅಷ್ಟೇ ಬಲದಿಂದ ಮೇಲಕ್ಕೆ ಎಳೆಯುತ್ತದೆ. ಕೆಳಕ್ಕೆ ಜಗ್ಗುವುದೂ ಮೇಲಕ್ಕೆ ಜಗ್ಗುವುದೂ ಒಂದನ್ನೊಂದು ಕಳೆದುಕೊಂಡು, ಬರೀ ತಿರುಗಿಸುವ ಬಲವೇ ಉಳಿಯುತ್ತದೆ. ಸಾಕೆಟ್ ಕುಳಿಯ ನಡುವೆಯೇ ನಿಲ್ಲುತ್ತದೆ. ಆದರೆ ಅದರ ಬಾಯಿಯ ಗೋಡೆ ದಪ್ಪ. ನನ್ನ ಚಕ್ರದ ಕುಳಿಗೆ ಅದು ಇಳಿಯಲೇ ಇಲ್ಲ. ಕುಳಿ ಅಗಲವಿರುವ ಚಕ್ರವಾದರೆ ನಾನು ಬೇರೆ ಯಾವುದನ್ನೂ ಹುಡುಕುತ್ತಿರಲಿಲ್ಲ.

ಹಾಗಾಗಿ ಸೂಕ್ಷ್ಮ ಅಳತೆಗೆ ಬಳಸುವ ವರ್ನಿಯರ್ ಮಾಪಕ ತೆಗೆದುಕೊಂಡು ಕೂತೆ. ಕುಳಿಯ ಅಗಲ 29 ಮಿ.ಮೀ. ನನ್ನ ನಟ್‌ಗಳು 19 ಮಿ.ಮೀ.ನವು. ನನ್ನಲ್ಲಿದ್ದ 19ರ ಇಂಪ್ಯಾಕ್ಟ್ ಸಾಕೆಟ್ಟಿನ (ಯಂತ್ರದ ಏಟು ತಡೆಯುವಂತೆ ಗೋಡೆ ದಪ್ಪವಿರುವ ಜಾತಿ) ಹೊರ ಅಳತೆ 28. ಅಂದರೆ ಸುತ್ತಲೂ ಅರ್ಧ ಮಿಲಿಮೀಟರ್ ಜಾಗ. ಸರಿಯಾದ ನಟ್‌ಗೆ ಸರಿಯಾದ ಸಾಕೆಟ್ ಹಾಕಿದರಾಯಿತು ಎಂದುಕೊಂಡಿದ್ದವನಿಗೆ ಒಳ ಅಳತೆಯಷ್ಟೇ ಹೊರ ಅಳತೆಯೂ ಮುಖ್ಯವೆಂದು ಹೊಳೆದದ್ದು ಆಗಲೇ. ಗೋಡೆ ತೆಳುವಾದ, ಉದ್ದನೆಯ, ಆರು ಮೂಲೆಯ ಸಾಕೆಟ್ ತಂದೆ. ಅದರ ಹೊರ ಅಳತೆ 26. ಹನ್ನೆರಡು ಮೂಲೆಯದು ನಟ್ಟಿನ ಮೂಲೆಗಳನ್ನು ಮಾತ್ರ ಹಿಡಿಯುತ್ತದೆ, ಬಿಗಿ ನಟ್ಟಿನ ಮೇಲೆ ಜಾರಿದರೆ ನಟ್ಟೂ ಹಾಳು, ಚಕ್ರವೂ ಹಾಳು. ಉದ್ದ ಏಕೆಂದರೆ ನಟ್ಟನ್ನು ಬುಡದವರೆಗೂ ನುಂಗಿದ ಸಾಕೆಟ್ ವಾಲುವುದು ಕಡಿಮೆ.

ಅದಕ್ಕೊಂದು ಅಂಗಿ ತೊಡಿಸಿದೆ. ವಿದ್ಯುತ್ ತಂತಿಗಳ ಜೋಡಣೆಯ ಮೇಲೆ ಹಾಕುವ, ಬಿಸಿ ತಾಗಿದರೆ ಕುಗ್ಗುವ ಕಪ್ಪು ಕೊಳವೆಯಿದೆಯಲ್ಲ, ಹೀಟ್ ಶ್ರಿಂಕ್, ಅದನ್ನು ಸಾಕೆಟ್ಟಿನ ಮೇಲೆ ಎಳೆದು ಬಿಸಿಗಾಳಿಯಲ್ಲಿ ಕುಗ್ಗಿಸಿದೆ. ಬಾಯಿಯಿಂದ ಕೂದಲೆಳೆಯಷ್ಟು ಮುಂದೆ ಬರುವಂತೆ ಕತ್ತರಿಸಿದೆ, ಸಾಕೆಟ್ ಒಳಗಿಡುವಾಗ ಮೊದಲು ತಾಗುವುದು ಆ ಬಾಯಿಯ ಅಂಚೇ ತಾನೇ. ಪ್ಲಾಸ್ಟಿಕ್ ತೋಳು ತೊಡಿಸಿಕೊಂಡೇ ಬರುವ ಸಾಕೆಟ್‌ಗಳೂ ಸಿಗುತ್ತವೆ. ಸಾಮಾನ್ಯವಾಗಿ 17ಕ್ಕೆ ನೀಲಿ, 19ಕ್ಕೆ ಹಳದಿ, 21ಕ್ಕೆ ಕೆಂಪು. ಅವುಗಳಲ್ಲಿ ಒಳ್ಳೆಯವುಗಳ ತೋಳು ಸಡಿಲವಾಗಿ ತಿರುಗುತ್ತದೆ: ಉಕ್ಕು ಒಳಗೆ ಸುತ್ತುತ್ತಿದ್ದರೂ ಚಕ್ರಕ್ಕೆ ತಾಗಿದ ತೋಳು ನಿಂತಲ್ಲೇ ನಿಂತಿರುತ್ತದೆ. ನನ್ನ ಕಪ್ಪು ಅಂಗಿಗೆ ಆ ಗುಣವಿಲ್ಲ.

ಇದರ ನಡುವೆ ಮಾಸ್ಕಿಂಗ್ ಟೇಪನ್ನೂ ಪ್ರಯತ್ನಿಸಿ ಬಿಟ್ಟೆ. ಕುಳಿಯ ಹೊರ ಅಂಚಿಗೆ ಅದು ಪರವಾಗಿಲ್ಲ. ಒಳಗೋಡೆಗೆ ಅಂಟಿಸಿದರೆ ಸಾಕೆಟ್ ಅದನ್ನು ಸುರುಳಿ ಮಾಡಿ ತಳಕ್ಕೆ ತಳ್ಳುತ್ತದೆ. ಗಮನಿಸದೆ ನಟ್ಟನ್ನು ಮತ್ತೆ ಬಿಗಿ ಮಾಡಿದರೆ ಟೇಪಿನ ಚೂರು ನಟ್ಟಿನ ಶಂಕುವಿನಾಕಾರದ ಬುಡಕ್ಕೂ ಚಕ್ರಕ್ಕೂ ನಡುವೆ ಸಿಕ್ಕಿಕೊಳ್ಳುತ್ತದೆ. ಲೋಹಕ್ಕೆ ಲೋಹವೇ ತಾಗಬೇಕಾದ ಜಾಗವದು. ಅಲ್ಲಿ ಬೇರೇನಾದರೂ ಇದ್ದರೆ ಮುಂದೆ ನಟ್ ಸಡಿಲವಾಗುತ್ತದೆ. ಗೀರು ತಪ್ಪಿಸಲು ಹೋಗಿ ಚಕ್ರವನ್ನೇ ಕಳೆದುಕೊಳ್ಳುವ ಕೆಲಸ. ಟೇಪಿನ ಬದಲು ತೆಳುವಾದ ನೀರಿನ ಬಾಟಲಿಯಿಂದ ಒಂದು ಪಟ್ಟಿ ಕತ್ತರಿಸಿ, ಸುತ್ತಿ, ಕುಳಿಯೊಳಗೆ ಬಿಟ್ಟರೆ ಅದು ತಾನೇ ಬಿಚ್ಚಿಕೊಂಡು ಗೋಡೆಗೆ ಅಂಟಿ ನಿಲ್ಲುತ್ತದೆ. ಕೆಲಸ ಮುಗಿದ ಮೇಲೆ ಎರಡು ಬೆರಳಲ್ಲಿ ಎಳೆದರೆ ಇಡೀ ಪಟ್ಟಿ ಹೊರಬರುತ್ತದೆ. ಐದು ಪಟ್ಟಿ ಒಳಗೆ ಹೋದರೆ ಐದು ಹೊರಗೆ ಬಂದವೇ ಎಂದು ಎಣಿಸಿಕೊಳ್ಳುತ್ತೇನೆ.

ಈಗ ನಾನು ಮಾಡುವ ಕ್ರಮ ಹೀಗಿದೆ. ಮೊದಲು ತೊಳೆಯುವುದು. ಬ್ರೇಕಿನ ಧೂಳು, ಮರಳು ಎಲ್ಲ ಆ ಕುಳಿಗಳಲ್ಲೇ ಶೇಖರವಾಗುವುದು. ಅದರ ಮೇಲೆ ಪ್ಲಾಸ್ಟಿಕ್ ತೋಳು ಹಾಕಿ ತಿರುಗಿಸಿದರೆ ನಾವೇ ಉಪ್ಪುಕಾಗದ ತಯಾರಿಸಿಕೊಂಡಂತೆ. ಸಣ್ಣ ಬ್ರಷ್ಷಿನಿಂದ ಸೋಪಿನ ನೀರು ಹಾಕಿ ಉಜ್ಜಿ, ನೀರು ಹಾಯಿಸಿ, ಒಣಗಿಸುತ್ತೇನೆ. ಆಮೇಲೆ ಉಂಗುರ, ಕೈಗಡಿಯಾರ ತೆಗೆದಿಡುತ್ತೇನೆ. ನಗಬೇಡಿ, ಹಿಂದಿನ ಚಕ್ರದ ಕಡ್ಡಿಯ ಮೇಲೊಂದು ಉದ್ದನೆಯ ಗೆರೆಯಿದೆ. ಅದು ಯಾವ ಸ್ಪ್ಯಾನರಿನದೂ ಅಲ್ಲ, ನನ್ನ ಗಡಿಯಾರದ ಕೊಂಡಿಯದು. ನಟ್‌ಗಳ ಮೇಲೆ ಪ್ಲಾಸ್ಟಿಕ್ ಟೋಪಿಗಳಿದ್ದರೆ ಅವನ್ನು ಸ್ಕ್ರೂಡ್ರೈವರ್ ಹಾಕಿ ಮೀಟಬಾರದು. ಎಷ್ಟೋ ಕಾರುಗಳ ಟೂಲ್ ಚೀಲದಲ್ಲಿ ಅದಕ್ಕೆಂದೇ ಒಂದು ಸಣ್ಣ ಚಿಮಟ ಇರುತ್ತದೆ, ಏನೆಂದು ತಿಳಿಯದೆ ಜನ ಎಸೆಯುತ್ತಾರೆ.

ಚಕ್ರ ನೆಲದ ಮೇಲಿರುವಾಗಲೇ ನಟ್‌ಗಳನ್ನು ಕಾಲು ಸುತ್ತು ಸಡಿಲಿಸಬೇಕು. ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ಎದುರು ಬದಿಯ ಚಕ್ರಕ್ಕೆ ಅಡೆ ಕೊಟ್ಟ ಮೇಲೆ. ಜಾಕ್ ಮೇಲೆ ನಿಂತ ಕಾರಿನ ಬಿಗಿ ನಟ್ಟಿನ ಜೊತೆ ಗುದ್ದಾಡುವುದು ಗೀರಿಗಿಂತ ದೊಡ್ಡ ಅಪಾಯ. ಉದ್ದ ಹಿಡಿಯ ಬಾರ್ ಬಳಸುತ್ತೇನೆ, ಉದ್ದ ಹೆಚ್ಚಿದಷ್ಟೂ ಒತ್ತುವ ಬಲ ಕಡಿಮೆ ಸಾಕು, ವಾಲಿಸುವ ಬಲವೂ ಅಷ್ಟೇ ಕಡಿಮೆ. ಸಾಕೆಟ್ಟಿಗೂ ಬಾರ್‌ಗೂ ನಡುವೆ ಎಕ್ಸ್‌ಟೆನ್ಷನ್ ಕಂಬಿ ಹಾಕಲೇಬೇಕಾದರೆ ಅತಿ ಗಿಡ್ಡದ್ದನ್ನೇ ಆರಿಸುತ್ತೇನೆ. ಬಾರ್ ಚಕ್ರದಿಂದ ದೂರ ಹೋದಷ್ಟೂ ವಾಲುವಿಕೆ ಹೆಚ್ಚು. ಎಡ ಅಂಗೈಯನ್ನು ಸಾಕೆಟ್ಟಿನ ಕುತ್ತಿಗೆಯ ಕೆಳಗೆ ಕೊಟ್ಟು ಮೇಲಕ್ಕೂ ಒಳಕ್ಕೂ ಒತ್ತಿ ಹಿಡಿದಿರುತ್ತೇನೆ, ಬಲಗೈ ಬಾರನ್ನು ನಿಧಾನವಾಗಿ ಒತ್ತುತ್ತದೆ. ಅಂಗೈ ಸಾಲದಷ್ಟು ಬಿಗಿಯಾಗಿದ್ದರೆ ಕುತ್ತಿಗೆಯ ಕೆಳಗೆ ಜಾಕ್ ಸ್ಟ್ಯಾಂಡ್ ಒಂದನ್ನು ಸರಿಯಾದ ಎತ್ತರಕ್ಕೆ ಇಟ್ಟುಬಿಡುತ್ತೇನೆ. ಇದು ನನಗೆ ಬಹಳ ತಡವಾಗಿ ಹೊಳೆದ ಉಪಾಯ. ಭಾರವೆಲ್ಲ ಸ್ಟ್ಯಾಂಡಿನ ಮೇಲೆ ಕೂರುತ್ತದೆ, ಸಾಕೆಟ್ಟಿಗೆ ತಿರುಗುವುದೊಂದೇ ಕೆಲಸ.

ವರ್ಕ್‌ಶಾಪಿನವರು ನಟ್ ತಿರುಗಿಸಲು ಬಳಸುವ ಯಂತ್ರ, ಇಂಪ್ಯಾಕ್ಟ್ ಗನ್, ಅದರ ಬಗ್ಗೆ ನನ್ನ ಅಭಿಪ್ರಾಯ ಒಳ್ಳೆಯದಲ್ಲ. ಗನ್ನಿಗೆ ತಿರುಗಿಸಲು ಬರುತ್ತದೆ, ನೇರವಾಗಿ ಹಿಡಿಯುವುದು ಕೈಗೆ ಬಿಟ್ಟದ್ದು, ಕೈ ಆತುರದಲ್ಲಿರುತ್ತದೆ. ಸಡಿಲವಾದ ನಟ್ಟನ್ನು ಗನ್ನಿನಿಂದ ಸುತ್ತಿ ತೆಗೆಯುವಾಗ ಸಾಕೆಟ್ ಕುಳಿಯೊಳಗೆ ಬೊಂಬೆಯಂತೆ ಕುಣಿಯುತ್ತದೆ. ಕಳ್ಳರ ಭಯಕ್ಕೆ ಹಾಕುವ ಬೀಗದ ನಟ್‌ಗಳ ಕೀಲಿಯನ್ನಂತೂ ಗನ್ನಿಗೆ ಸಿಕ್ಕಿಸಲೇಬಾರದು, ಅದರ ನವಿರಾದ ಹಲ್ಲುಗಳು ಮುರಿದರೆ ಆಮೇಲೆ ಕೊರೆದೇ ತೆಗೆಯಬೇಕಾಗುತ್ತದೆ.

ನನ್ನ ಒಂದು ನಟ್‌ಗೆ 19ರ ಸಾಕೆಟ್ ಹೋಗಲೇ ಇಲ್ಲ. ಉಳಿದವುಗಳ ಹಾಗೆಯೇ ಕಾಣುತ್ತಿತ್ತು. ಅದು ಒಳಗೆ ಉಕ್ಕು, ಮೇಲೆ ಹೊಳೆಯುವ ತಗಡಿನ ಮುಸುಕು ಇರುವ ಜಾತಿಯ ನಟ್. ನಡುವೆ ತುಕ್ಕು ಹಿಡಿದು ಮುಸುಕು ಉಬ್ಬಿತ್ತು. ಇಂಥಲ್ಲೇ ಜನ ಸುತ್ತಿಗೆ ತೆಗೆದುಕೊಂಡು ಸಾಕೆಟ್ಟನ್ನು ಬಡಿದು ಕೂರಿಸುತ್ತಾರೆ. ಒಂದು ಏಟು ತಪ್ಪಿದರೆ ಲ್ಯಾಕರ್ ಹಾರಿತು. ತಪ್ಪದಿದ್ದರೂ ನಟ್ ಸಾಕೆಟ್ಟಿನೊಳಗೆ ಕಚ್ಚಿಕೊಳ್ಳುತ್ತದೆ. ಇಂಥ ಉಬ್ಬಿದ ನಟ್‌ಗಳಿಗೆಂದೇ 19.5 ಮಿ.ಮೀ. ಸಾಕೆಟ್ ಸಿಗುತ್ತದೆ. ಅದು ಕೈಯಿಂದಲೇ ಸರಿಯಾಗಿ ಕೂತಿತು. ಆಮೇಲೆ ಇಪ್ಪತ್ತೂ ನಟ್‌ಗಳನ್ನು ಒಂದೇ ಉಕ್ಕಿನ ತುಂಡಿನಿಂದ ಮಾಡಿದವುಗಳಿಗೆ ಬದಲಿಸಿಬಿಟ್ಟೆ, ಬುಡದ ಆಕಾರವೂ ಒಳಗಿನ ಎಳೆಯ (ತಿರುಪಿನ ಗೆರೆಗಳ) ಅಳತೆಯೂ ಮೊದಲಿನವೇ ಇರುವಂತೆ ನೋಡಿಕೊಂಡು. ಬುಡ ಕೆಲವು ಕಾರುಗಳಲ್ಲಿ ಶಂಕು, ಕೆಲವುಗಳಲ್ಲಿ ಗೋಳ, ಕೆಲವುಗಳಲ್ಲಿ ಚಪ್ಪಟೆ. ಒಂದಕ್ಕೆ ಇನ್ನೊಂದು ಸಲ್ಲದು.

ಕಾರನ್ನು ಎತ್ತಿದ ಮೇಲೆ ಬಾರ್ ಬೇಡ. ಸಾಕೆಟ್ಟನ್ನು ಬೆರಳುಗಳಲ್ಲಿ ಹಿಡಿದು ತಿರುಗಿಸುತ್ತೇನೆ. ನಟ್ ಹೊರಬರುವಾಗ ಸಾಕೆಟ್ಟಿನಿಂದ ಜಾರಿ ಕೆಳಗಿನ ಕಡ್ಡಿಗೆ ಬಡಿಯುವುದುಂಟು, ಅದಕ್ಕೆ ಸಾಕೆಟ್ಟಿನ ತಳದಲ್ಲಿ ಸಣ್ಣ ಅಯಸ್ಕಾಂತವೊಂದನ್ನು ಹಾಕಿದ್ದೇನೆ. ಮೇಲಿನ ನಟ್ ಕೊನೆಗೆ. ಟೈರಿನ ಅಡಿಗೆ ಪಾದದ ತುದಿ ಕೊಟ್ಟು ಭಾರ ಹೊತ್ತರೆ ಚಕ್ರ ತಟ್ಟನೆ ಕುಸಿಯುವುದಿಲ್ಲ.

ಹಬ್‌ಗೆ, ಅಂದರೆ ಚಕ್ರ ಕೂರುವ ಉಕ್ಕಿನ ಗುಂಬಕ್ಕೆ, ಕಚ್ಚಿಕೊಂಡ ಚಕ್ರ ಇನ್ನೊಂದು ಪರೀಕ್ಷೆ. ಉಕ್ಕೂ ಅಲ್ಯೂಮಿನಿಯಮ್ಮೂ ತೇವದಲ್ಲಿ ಒಟ್ಟಿಗಿದ್ದರೆ ನಡುವೆ ತುಕ್ಕು ಬೆಳೆದು ಬೆಸುಗೆ ಹಾಕಿದಂತೆ ಹಿಡಿದುಬಿಡುತ್ತದೆ. ರಿಮ್ಮಿಗೆ ಹೊಡೆಯುವ ಆಸೆಯನ್ನು ಅಲ್ಲಿ ಗೆಲ್ಲಬೇಕು. ಎರಡು ನಟ್‌ಗಳನ್ನು ಎರಡು ಎಳೆಯಷ್ಟು ಹಾಕಿಟ್ಟು, ಟೈರಿನ ರಬ್ಬರಿಗೆ ಅಂಗಾಲಿನಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಒದ್ದೆ. ಮೂರನೆಯ ಒದೆತಕ್ಕೆ ಬಿಟ್ಟಿತು. ಆ ನಟ್‌ಗಳು ಇಲ್ಲದಿದ್ದರೆ ನನ್ನ ಕಾಲ ಮೇಲೇ ಬೀಳುತ್ತಿತ್ತು. ಬಿಚ್ಚಿದ ಚಕ್ರವನ್ನು ಮುಖ ಮೇಲೆ ಮಾಡಿ ಮಲಗಿಸಬೇಕು. ಇಷ್ಟೆಲ್ಲ ಜತನದಿಂದ ಬಿಚ್ಚಿ, ಆಮೇಲೆ ಸಿಮೆಂಟ್ ನೆಲದ ಮೇಲೆ ಮುಖ ಕೆಳಗೆ ಮಾಡಿ ಎಳೆದವರನ್ನು ಕಂಡಿದ್ದೇನೆ.

ನಟ್ ಬದಲು ಬೋಲ್ಟ್ ಇರುವ ಕಾರುಗಳಲ್ಲಿ ಹಬ್‌ನಿಂದ ಹೊರಚಾಚಿರುವ, ನಟ್ ಕೂರುವ ಸ್ಟಡ್‌ಗಳೇ ಇಲ್ಲದಿರುವುದರಿಂದ ಚಕ್ರವನ್ನು ಕೈಯಲ್ಲಿ ಹೊತ್ತುಕೊಂಡೇ ತೂತಿಗೆ ತೂತು ಹೊಂದಿಸಬೇಕು. ಗೆಳೆಯನ ಕಾರಿಗೆ ಹಾಗೆ ಹೊಂದಿಸುವಾಗ ರಿಮ್ಮಿನ ಒಳಭಾಗ ಒಳಗಿರುವ ಬ್ರೇಕಿನ ಹಿಡಿಕೆಗೆ, ಕ್ಯಾಲಿಪರ್‌ಗೆ, ಉಜ್ಜಿತು. ಮೇಲಿನ ತೂತಿಗೆ ತಾತ್ಕಾಲಿಕವಾಗಿ ತಿರುಗಿಸಿ ಹಾಕುವ ಉದ್ದ ಪಿನ್ ಒಂದಿದ್ದರೆ ಚಕ್ರವನ್ನು ಅದಕ್ಕೆ ನೇತುಹಾಕಿ ಉಳಿದ ಬೋಲ್ಟ್‌ಗಳನ್ನು ನಿಧಾನವಾಗಿ ಹಾಕಬಹುದು.

ಮತ್ತೆ ಹಾಕುವಾಗ ಎಲ್ಲ ನಟ್‌ಗಳೂ ಬೆರಳಿನಲ್ಲೇ ಶುರುವಾಗಬೇಕು. ಆಮೇಲೆ ಒಂದು ಬಿಟ್ಟು ಒಂದರಂತೆ, ನಕ್ಷತ್ರದ ಗೆರೆ ಎಳೆದ ಹಾಗೆ. ಕಾರಿನ ಭಾರ ನೆಲಕ್ಕೆ ಬಂದ ನಂತರ ಟಾರ್ಕ್ ರೆಂಚ್, ಅಂದರೆ ಎಷ್ಟು ಬಿಗಿಯಾಯಿತೆಂದು ಅಳೆಯುವ ಸ್ಪ್ಯಾನರ್. ನನ್ನ ಕಾರಿನ ಕೈಪಿಡಿ ಹೇಳುವುದು 110 ನ್ಯೂಟನ್ ಮೀಟರ್. ನಿಮ್ಮದು ನಿಮ್ಮ ಕೈಪಿಡಿಯಲ್ಲಿದೆ. ಎಳೆಗಳಿಗೆ ಎಣ್ಣೆ ಹಚ್ಚುವುದಿಲ್ಲ, ಎಣ್ಣೆಯಿದ್ದರೆ ರೆಂಚ್ ಅಷ್ಟೇ ತೋರಿಸಿದರೂ ಸ್ಟಡ್ ಹೆಚ್ಚು ಎಳೆಯಲ್ಪಡುತ್ತದೆ. ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸುತ್ತೇನೆ. ಅಳತೆಗೆ ಸರಿಯಾಗಿ ಬಿಗಿ ಮಾಡಿದ ನಟ್ ಮುಂದಿನ ಸಲ ಜಗಳವಿಲ್ಲದೆ ಬಿಚ್ಚಿಕೊಳ್ಳುತ್ತದೆ. ಆ ಮೊದಲ ದಿನ ನನ್ನ ಮೈಭಾರವನ್ನೆಲ್ಲ ಬೇಡಿದ ನಟ್‌ಗಳನ್ನು ಯಾರೋ ಗನ್ನಿನಲ್ಲಿ ಮನಸೋ ಇಚ್ಛೆ ಬಿಗಿದಿದ್ದರು.

ಕಳೆದ ಸಲ ನಾಲ್ಕೂ ಚಕ್ರಗಳನ್ನು ಅದಲುಬದಲು ಮಾಡಿ, ಟಾರ್ಚ್ ಹಿಡಿದು ಇಪ್ಪತ್ತು ಕುಳಿಗಳನ್ನೂ ನೋಡಿದೆ. ಹಿಂದಿನ ಬಲಚಕ್ರದ ಒಂದು ಕುಳಿಯ ಕೆಳ ಅಂಚಿನಲ್ಲಿ ಕಪ್ಪು ಗೆರೆಯೊಂದು ಕಂಡು ಎದೆ ಧಸಕ್ಕೆಂದಿತು. ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಗೆರೆ ಬಟ್ಟೆಗೆ ಬಂತು. ಸಾಕೆಟ್ಟನ್ನು ತಿರುಗಿಸಿ ನೋಡಿದರೆ ಅದರ ಕಪ್ಪು ಅಂಗಿ ಒಂದು ಕಡೆ ಸವೆದು ಉಕ್ಕು ಇಣುಕುತ್ತಿತ್ತು. ಅದನ್ನು ಬ್ಲೇಡಿನಿಂದ ಸೀಳಿ ತೆಗೆದು, ಹೊಸ ತುಂಡು ಕತ್ತರಿಸಿಕೊಂಡೆ.