ಆಷಾಢದಲ್ಲಿ ಹಳೇ ದಾವಣಗೆರೆ ಸುತ್ತಿ ಕ್ಯಾಮೆರಾ ಕೊಂಡಿದ್ದು

20 ಸಾವಿರ ರೂಪಾಯಿ ಆಸುಪಾಸಿನಲ್ಲಿ ಒಂದು ಗಟ್ಟಿ ಸೆಕೆಂಡ್ ಹ್ಯಾಂಡ್ ಬಾಡಿ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ, ಜೊತೆಗೆ ಒಂದು ಒಳ್ಳೆ ಲೆನ್ಸ್. ಇಷ್ಟೇ ನನ್ನ ಲೆಕ್ಕ. ಕೇಳಿದವರೆಲ್ಲ ಆಗಲ್ಲ ಅಂದರು. ಸ್ಟುಡಿಯೋ ಇಟ್ಟಿರುವ ಗೆಳೆಯನಂತೂ "ಮದುವೇಲಿ ದುಡಿದ ಬಾಡಿ ತಗೊಳ್ಳೋದೂ ಒಂದೇ, ಹಳೇ ಟ್ಯಾಕ್ಸಿ ತಗೊಳ್ಳೋದೂ ಒಂದೇ, ಸುಮ್ನೆ ಮೊಬೈಲಲ್ಲೇ ತೆಗಿ" ಅಂದಿದ್ದ. ಈಗ ನನ್ನ ಕೈಯಲ್ಲಿ ನಿಕಾನ್ ಡಿ7000 ಇದೆ, 50 ಎಂಎಂ 1.8ಡಿ ಲೆನ್ಸ್ ಇದೆ. ಮೊನ್ನೆ ಅದೇ ಗೆಳೆಯ ತನ್ನ ತಮ್ಮನಿಗೂ ಒಂದು ನೋಡಿಕೊಡು ಅಂದ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲನೆಯದು ಕಾಲ. ಆಷಾಢದಲ್ಲಿ ಲಗ್ನ ಇಲ್ಲ, ಸ್ಟುಡಿಯೋದವರ ಕೈ ಖಾಲಿ. ಹೊಸ ಮಿರರ್‌ಲೆಸ್ ಕ್ಯಾಮೆರಾದ ಕಂತು ಕಟ್ಟಬೇಕಾದವರು ಬೀರುವಿನಲ್ಲಿರುವ ಹಳೇ ಬಾಡಿ ಹೊರಗೆ ತೆಗೆಯುವುದು ಆಗಲೇ. ವೈಶಾಖದಲ್ಲಿ 18 ಸಾವಿರ ಹೇಳಿದ್ದ ಒಬ್ಬರು ಆಷಾಢದಲ್ಲಿ ತಾವೇ ಫೋನ್ ಮಾಡಿ 15ಕ್ಕೆ ಬಂದರು. ಧನುರ್ಮಾಸದಲ್ಲೂ ಹೀಗೇ ಆಗುತ್ತದೆ, ಆದರೆ ಇಷ್ಟು ಇಳಿಯುವುದಿಲ್ಲ.

ಎರಡನೆಯದೇ ನನ್ನ ಪದ್ಧತಿ. ಅಂಗಡಿ ಟೇಬಲ್ ಮೇಲೆ ನಾಲ್ಕು ಕ್ಲಿಕ್ ಮಾಡಿ ನಾನು ಯಾವತ್ತೂ ಒಪ್ಪಲಿಲ್ಲ. ಒಂದಿಷ್ಟು ದುಡ್ಡು ಇಟ್ಟು, "ಅಣ್ಣಾ, ಒಂದೆರಡು ತಾಸು ಕೊಡ್ರಿ, ಪೇಟೆ ಸುತ್ತಿ ತಂದುಕೊಡ್ತೀನಿ" ಅನ್ನುತ್ತಿದ್ದೆ. ಅರ್ಧ ಜನ ಒಪ್ಪುವುದಿಲ್ಲ. ಒಪ್ಪದವರ ಕ್ಯಾಮೆರಾ ನನಗೂ ಬೇಡ.

ಗಡಿಯಾರ ಕಂಬದಿಂದ ಶುರು. ಆಕಾಶದ ಕಡೆ ತಿರುಗಿಸಿ, ಫೋಕಸ್ ತಪ್ಪಿಸಿ, ಎಫ್ 16ರಲ್ಲಿ, ಅಂದರೆ ಲೆನ್ಸಿನ ಕಿಂಡಿ ಸಣ್ಣದು ಮಾಡಿ, ಒಂದು ಫೋಟೊ. ಚಿತ್ರ ಹಿಡಿಯುವ ಸೆನ್ಸರ್ ಮೇಲಿನ ಕಸ ಎಲ್ಲ ಅಲ್ಲೇ ಕಾಣುತ್ತದೆ. ಅಲ್ಲಿಂದ ಚೌಕಿಪೇಟೆ. ಕಿರಾಣಿ ಸಗಟು ಅಂಗಡಿ ಮುಂದೆ ಸಾಲಾಗಿ ಚೀಲ ನಿಲ್ಲಿಸಿರುತ್ತಾರಲ್ಲ, ಅದರಲ್ಲಿ ನಡುವಿನ ಚೀಲದ ಅಕ್ಷರಕ್ಕೆ 1.8ರಲ್ಲಿ, ಕಿಂಡಿ ಪೂರ್ತಿ ತೆರೆದು, ಫೋಕಸ್ ಹಾಕಬೇಕು. ಅಕ್ಷರ ಮಸುಕಾಗಿ ಹಿಂದಿನ ಚೀಲ ಚೂಪಾಗಿ ಬಂದರೆ ಬ್ಯಾಕ್ ಫೋಕಸ್. ಡಿ7000ದಲ್ಲಿ ಇದನ್ನು ಮೆನುವಿನಲ್ಲೇ ತಿದ್ದಬಹುದು, ಅದಕ್ಕಿಂತ ಹಳೇ ನಿಕಾನ್ ಡಿ90ಯಲ್ಲಿ ಆಗಲ್ಲ. ಒಂದು ಡಿ90 ನನಗೆ ತಪ್ಪಿದ್ದು ಇಲ್ಲೇ, ಬಾಡಿ ನೋಡಲು ಹೊಸದರಂತಿತ್ತು.

ಕೊನೆಗೆ ಮಂಡಕ್ಕಿ ಭಟ್ಟಿ. ಇದಕ್ಕಿಂತ ಕಠಿಣ ಪರೀಕ್ಷೆ ಊರಲ್ಲೇ ಇಲ್ಲ. ಕಾದ ಮರಳಿನಲ್ಲಿ ಮಂಡಕ್ಕಿ ಅರಳುತ್ತಿರುತ್ತದೆ. ಒಂದೇ ಫ್ರೇಮಿನಲ್ಲಿ ಒಲೆಯ ಬೆಂಕಿ, ಮಸಿ ಹಿಡಿದ ಗೋಡೆ, ಬೆಳ್ಳನೆ ರಾಶಿ. ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಫೈಲ್) ಐಎಸ್‌ಒ 100ರಲ್ಲಿ ತೆಗೆದು ಮನೆಗೆ ಬಂದು ನೆರಳನ್ನು ಮೂರು ಸ್ಟಾಪ್, ಅಂದರೆ ಎಂಟು ಪಟ್ಟು, ಬೆಳಕಿಗೆ ಎತ್ತಿದೆ. ಡಿ7000ದಲ್ಲಿ ಗೋಡೆಯ ಇಟ್ಟಿಗೆ ಸಾಲು ಬಿಡಿಬಿಡಿಯಾಗಿ ಕಂಡಿತು. ಅದೇ ಬೆಲೆಯ ಕ್ಯಾನನ್ 600ಡಿಯಲ್ಲಿ ಪಟ್ಟೆಪಟ್ಟೆ ಎದ್ದವು. ಡಿ7000 2010ರ ಬಾಡಿ, ನನ್ನ ಕೆಲಸಕ್ಕೆ ಇನ್ನೂ ಧಾರಾಳ ಸಾಕು. ಭಟ್ಟಿಯವರನ್ನು ಕೇಳದೆ ಮಾತ್ರ ಕ್ಯಾಮೆರಾ ಎತ್ತಬೇಡಿ. ನಾನು ಮುಂದಿನ ಸಲ ಹೋಗುವಾಗ ಪ್ರಿಂಟ್ ಹಾಕಿಸಿ ಕೊಟ್ಟೆ, ಆಮೇಲೆ ಅವರೇ ಕರೆದು ನಿಲ್ಲಿಸುತ್ತಿದ್ದರು. ಅಲ್ಲಿ ಲೆನ್ಸ್ ಬಿಚ್ಚಲೂ ಬೇಡಿ.

ಕೈಕೊಟ್ಟ ಬಾಡಿಗಳೂ ಜಾಸ್ತಿಯೇ. ಒಂದರಲ್ಲಿ ಶಟರ್ ಲೆಕ್ಕ, ಅಂದರೆ ತೆಗೆದ ಫೋಟೊಗಳ ಸಂಖ್ಯೆ, ಎರಡು ಲಕ್ಷ ದಾಟಿತ್ತು, ಮಾರುವವರು 30 ಸಾವಿರ ಫೋಟೊ ಅಷ್ಟೇ ಅಂದಿದ್ದರು. ನಿಕಾನ್ ಆದರೆ ಜೆಪೆಗ್ ಫೈಲಿನಲ್ಲೇ ಲೆಕ್ಕ ಕೂತಿರುತ್ತದೆ, ಸುಳ್ಳು ನಿಲ್ಲುವುದಿಲ್ಲ. ಡಿ7000 ಶಟರನ್ನು ಕಂಪನಿ ಒಂದೂವರೆ ಲಕ್ಷಕ್ಕೆ ಪರೀಕ್ಷಿಸಿದೆ. ನಾನು ಕೊಂಡಿದ್ದರ ಲೆಕ್ಕ 40 ಸಾವಿರ ಫೋಟೊದ ಹತ್ತಿರ ಇತ್ತು, ಸ್ಟುಡಿಯೋದವರು ಎರಡನೇ ಬಾಡಿಯಾಗಿ ಇಟ್ಟುಕೊಂಡಿದ್ದರಂತೆ. ಇನ್ನೊಬ್ಬರಿಗೆ ಕೊಟ್ಟ ಸಾವಿರ ರೂಪಾಯಿ ಮುಂಗಡ ಇವತ್ತಿಗೂ ವಾಪಸ್ ಬಂದಿಲ್ಲ.

ಲೆನ್ಸ್ ಸಿಕ್ಕಿದ್ದು ಮಂಡಿಪೇಟೆ ಹತ್ತಿರದ ಒಂದು ಸಣ್ಣ ಅಂಗಡಿಯಲ್ಲಿ. "ಎರರ್ ಬರ್ತೈತ್ರೀ, ರಿಪೇರಿಗೆ ಬೆಂಗಳೂರಿಗೆ ಕಳಿಸ್ಬೇಕು. ಮೂರೂವರೆ ಸಾವಿರ ಕೊಟ್ಟು ತಗೊಂಡು ಹೋಗ್ರಿ" ಅಂದರು. ಕ್ಯಾಮೆರಾಕ್ಕೆ ಹಾಕಿ ನೋಡಿದೆ, ಎಫ್‌ಇಇ ಅನ್ನುವ ಎರರ್ ಮಿನುಗುತ್ತಿತ್ತು. ಅವರೆದುರೇ ಲೆನ್ಸಿನ ಕಿಂಡಿ ಹಿಗ್ಗಿಸಿ ಕುಗ್ಗಿಸುವ ಅಪರ್ಚರ್ ರಿಂಗನ್ನು 22ಕ್ಕೆ ತಿರುಗಿಸಿ ಲಾಕ್ ಮಾಡಿದೆ. ಎರರ್ ಹೋಯಿತು. ಅಂಗಡಿಯವರು ನಕ್ಕು, "ಆಡಿದ ಮಾತು ಆಡಿದ್ದೇ, ತಗೊಂಡು ಹೋಗ್ರಿ" ಅಂದರು. ರಿಂಗ್ 1.8ಕ್ಕೆ ಇಟ್ಟು ಹಿಂದಿನಿಂದ ಟಾರ್ಚ್ ಬಿಟ್ಟೆ, ಒಂದು ಎಳೆ ಫಂಗಸ್ ಇಲ್ಲ. ಈ ಲೆನ್ಸಿಗೆ ಬಾಡಿಯ ಒಳಗೇ ಮೋಟರ್ ಬೇಕು, ಅದಿಲ್ಲದ ನಿಕಾನ್ ಡಿ3100, ಡಿ5100ರಲ್ಲಿ ಆಟೊಫೋಕಸ್ ಆಗಲ್ಲ. ಅದಕ್ಕೇ ಇದು ಅಗ್ಗ, ಅದಕ್ಕೇ ನಾನು ಡಿ7000 ಹಿಡಿದು ಕೂತಿದ್ದು.

ಕ್ಯಾಮೆರಾಕ್ಕೆ 14 ಸಾವಿರ ಚಿಲ್ಲರೆ, ಲೆನ್ಸಿಗೆ ಮೂರೂವರೆ, ಹೊಸ ಬ್ಯಾಟರಿ, ಕಾರ್ಡು ಎಲ್ಲ ಸೇರಿ 20 ಸಾವಿರದೊಳಗೇ ಮುಗಿಯಿತು. 15ರಿಂದ 14ಕ್ಕೆ ಇಳಿಸಿದ್ದು ಕೊನೆಯಲ್ಲಿ ಕೇಳಿದ ಒಂದೇ ಒಂದು ಪ್ರಶ್ನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಗೆಳೆಯನ ತಮ್ಮನ ವ್ಯಾಪಾರ ಇನ್ನೂ ಬಾಕಿ ಇದೆ.

ಇನ್ನೊಂದು ಪ್ರಯೋಗ ಹೇಳುತ್ತೇನೆ. ತೇವ ತಡೆಯುವ ಡ್ರೈ ಕ್ಯಾಬಿನೆಟ್‌ಗೆ ದುಡ್ಡಿಲ್ಲ, ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ತೇವ ಹೀರುವ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ. ಡಬ್ಬಿಯೊಳಗೆ ತೇವ ಸೇರಿದೆಯೋ ಇಲ್ಲವೋ ನೋಡಲು ಒಂದು ಹಿಡಿ ಮಂಡಕ್ಕಿ. ಮೆತ್ತಗಾದರೆ ಜೆಲ್ ಒಣಗಿಸುವ ಹೊತ್ತು ಅಂತ ಅರ್ಥ. ನೀವೂ ಮಾಡುವುದಾದರೆ ಖಾರ ಹಚ್ಚಿದ್ದು ಬೇಡ, ಬರೀ ಮಂಡಕ್ಕಿಯನ್ನೇ ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಇಡಿ. ಬಿಡಿಯಾಗಿ ಹಾಕಿದರೆ ಪುಡಿ ಫೋಕಸ್ ರಿಂಗಿನ ಸಂದಿಗೆ ಸೇರಿಬಿಡುತ್ತದೆ.