ಡ್ಯಾನ್ಯೂಬ್ ದಂಡೆ ಹಿಡಿದು ಕಡಿಮೆ ಖರ್ಚಿನಲ್ಲಿ ಯುರೋಪ್

ಪ್ಯಾರಿಸ್, ಸ್ವಿಸ್, ರೋಮ್ ಎಲ್ಲವನ್ನೂ ಒಂದೇ ಸಲಕ್ಕೆ ಮುಗಿಸುವ ಆಸೆ ಬಿಡಿ. ಅಷ್ಟು ದೂರ ಓಡಾಡುವುದರಲ್ಲೇ ದುಡ್ಡು ಕರಗುತ್ತದೆ. ನಾನೂ ನನ್ನ ತಂಗಿಯೂ ಹಿಡಿದ ದಾರಿ ಹೇಳುತ್ತೇನೆ: ವಿಯೆನ್ನಾ, ಬ್ರಾಟಿಸ್ಲಾವಾ, ಬುಡಾಪೆಸ್ಟ್, ಕೊನೆಗೆ ಪ್ರಾಗ್. ಮೊದಲ ಮೂರೂ ಡ್ಯಾನ್ಯೂಬ್ ದಂಡೆಯ ಊರುಗಳು. ವಿಯೆನ್ನಾದಿಂದ ರೈಲು ಹತ್ತಿದರೆ ಸುಮಾರು ಒಂದು ಗಂಟೆಗೆ ಬ್ರಾಟಿಸ್ಲಾವಾ, ಅಂದರೆ ಬೇರೆ ದೇಶ!

ನಾಲ್ಕಕ್ಕೂ ಒಂದೇ ಷೆಂಗೆನ್ ವೀಸಾ ಸಾಕು. ಶುಲ್ಕ 90 ಯೂರೋ, ಜೊತೆಗೆ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಜಾಸ್ತಿ ದಿನ ಉಳಿಯುವ ದೇಶಕ್ಕೇ ಅರ್ಜಿ ಹಾಕಿ. ವಿಮಾನದಲ್ಲಿ ವಿಯೆನ್ನಾದಲ್ಲಿ ಇಳಿದು, ವಾಪಸ್ ಪ್ರಾಗ್‌ನಿಂದ ಹತ್ತಿ. ಹೋದ ದಾರಿಯಲ್ಲೇ ಮತ್ತೆ ಬರುವ ಖರ್ಚು ತಪ್ಪುತ್ತದೆ.

ರೈಲು ಟಿಕೆಟ್ ಬೇಗ ತೆಗೆದಷ್ಟೂ ಅಗ್ಗ. ಆಸ್ಟ್ರಿಯಾ ರೈಲ್ವೆಯಲ್ಲಿ 'ಸ್ಪಾರ್‌ಶೀನೆ' (ರಿಯಾಯಿತಿ ಟಿಕೆಟ್) ಅಂತ ಹುಡುಕಿ. ಆದರೆ ಅದು ಬುಕ್ ಮಾಡಿದ ರೈಲಿಗೆ ಮಾತ್ರ, ತಪ್ಪಿಸಿಕೊಂಡರೆ ಹೋಯಿತು. ಬುಡಾಪೆಸ್ಟ್‌ನಿಂದ ಪ್ರಾಗ್‌ಗೆ ಸುಮಾರು ಏಳು ಗಂಟೆ. ಎಡಗಡೆ ಕಿಟಕಿ ಹಿಡಿಯಿರಿ, ಶುರುವಿನಲ್ಲಿ ನದಿ ಪಕ್ಕದಲ್ಲೇ ಬರುತ್ತದೆ.

ಊರೊಳಗೆ ಟೂರಿಸ್ಟ್ ಬಸ್ಸು ಬೇಡವೇ ಬೇಡ. ಬುಡಾಪೆಸ್ಟ್‌ನ 2ನೇ ನಂಬರ್ ಟ್ರಾಮ್ ನದಿ ಪಕ್ಕದಲ್ಲೇ ಪಾರ್ಲಿಮೆಂಟ್ ತನಕ ಹೋಗುತ್ತದೆ. "ಅಕ್ಕ, ಸುಮ್ನೆ ಕೂತ್ಕೊ, ಇನ್ನೊಂದು ಸಲ ಹೋಗೋಣ" ಅಂದಳು ತಂಗಿ. ಪ್ರಾಗ್‌ನಲ್ಲಿ ಕೋಟೆ ಕಡೆಗೆ 22. ಕಾಗದದ ಟಿಕೆಟ್ ಆದರೆ ಮೊದಲ ಸಲ ಹತ್ತುವಾಗ ಮೆಷಿನ್‌ಗೆ ತೂರಿಸಿ ಮುದ್ರೆ ಒತ್ತಿಸಲೇಬೇಕು. ತಪಾಸಣೆಯವರು ಮಾಮೂಲಿ ಬಟ್ಟೆಯಲ್ಲೇ ಬರುತ್ತಾರೆ, ದಂಡ ಜೋರು.

ವಿಯೆನ್ನಾದ ಷೋನ್‌ಬ್ರುನ್ ಅರಮನೆಯ ದೊಡ್ಡ ತೋಟ ಪುಕ್ಕಟೆ, ಮೇಲಿನ ಗುಡ್ಡಕ್ಕೂ ಹತ್ತಬಹುದು. ಒಳಗಿನ ಕೋಣೆಗಳಿಗೆ ಟಿಕೆಟ್ ಇದೆ. ನನಗಂತೂ ತೋಟವೇ ಸಾಕಾಯಿತು. 1357ರಲ್ಲಿ ಕಟ್ಟಲು ಶುರು ಮಾಡಿದ ಪ್ರಾಗ್‌ನ ಚಾರ್ಲ್ಸ್ ಸೇತುವೆಗೆ ಬೆಳಿಗ್ಗೆ ಆರಕ್ಕೇ ಹೋಗಿ. ಹತ್ತು ಗಂಟೆಗೆ ಹೋದರೆ ಜನರ ಬೆನ್ನಷ್ಟೇ ಕಾಣುತ್ತದೆ.

ಊಟದ ವಿಷಯ. ಚಟ್ನಿಪುಡಿ, ಅವಲಕ್ಕಿ ತೆಗೆದುಕೊಂಡು ಹೋಗಿ. ಪೇಡ, ತುಪ್ಪ ಬೇಡ, ಹಾಲಿನ ಪದಾರ್ಥ ಒಳಗೆ ಬಿಡುವುದಿಲ್ಲ. ವಿಯೆನ್ನಾದ ನಲ್ಲಿಯಲ್ಲಿ ಬರುವುದು ಆಲ್ಪ್ಸ್ ಬೆಟ್ಟದ ನೀರು, ಬಾಟಲಿಗೆ ದುಡ್ಡು ಯಾಕೆ ಅಲ್ವಾ? ಅಲ್ಲಿ ಭಾನುವಾರ ಸೂಪರ್‌ಮಾರ್ಕೆಟ್‌ಗಳು ಮುಚ್ಚಿರುತ್ತವೆ, ಶನಿವಾರವೇ ಬ್ರೆಡ್, ಹಣ್ಣು ತಂದಿಡಿ. ಸಸ್ಯಾಹಾರಿಗಳಿಗೆ ಬುಡಾಪೆಸ್ಟ್‌ನ ಲಾಂಗೋಷ್ ಇದೆ: ಎಣ್ಣೆಯಲ್ಲಿ ಕರಿದ ದೊಡ್ಡ ರೊಟ್ಟಿ, ಮೇಲೆ ಚೀಸ್. ಒಂದನ್ನು ಇಬ್ಬರು ತಿನ್ನಬಹುದು. ಬ್ರಾಟಿಸ್ಲಾವಾದ ಹಲುಷ್ಕಿ (ಆಲೂಗಡ್ಡೆಯ ಪುಟ್ಟ ಕಡುಬು) ಮೇಲೆ ಹಂದಿಮಾಂಸದ ಚೂರು ಉದುರಿಸುತ್ತಾರೆ, ಮೊದಲೇ ಬೇಡ ಅನ್ನಿ.

ಬುಡಾಪೆಸ್ಟ್ ಇರುವ ಹಂಗರಿಯಲ್ಲಿ ನಡೆಯುವ ದುಡ್ಡು ಫೋರಿಂಟ್, ಪ್ರಾಗ್ ಇರುವ ಚೆಕ್ ದೇಶದಲ್ಲಿ ಕೊರುನಾ. ಕಾರ್ಡ್ ಉಜ್ಜಿದಾಗ ಮೆಷಿನ್ 'ರೂಪಾಯಿಯಲ್ಲಿ ಕೊಡ್ತೀರಾ?' ಅಂತ ಕೇಳಿದರೆ ಬೇಡ ಅನ್ನಿ, ಅಲ್ಲಿನ ದುಡ್ಡನ್ನೇ ಒತ್ತಿ. ಸ್ಟೇಷನ್ ಶೌಚಾಲಯಕ್ಕೆ ಚಿಲ್ಲರೆ ಮಾತ್ರ ಜೇಬಿನಲ್ಲಿರಲಿ.