ಹೊಸದಾಗಿ ಕಟ್ಟಿದ ಹಳೇ ಎಂಜಿನ್‌ಗೆ ಮೊದಲು ಯಾವ ಆಯಿಲ್ ಹಾಕಬೇಕು?

ತಿಂಗಳುಗಟ್ಟಲೆ ಕೂತು ಹಳೇ ಕಾರಿನ ಎಂಜಿನ್ ಕಟ್ಟಿದವರು ಕೊನೆಗೆ ಆಯಿಲ್ ಡಬ್ಬಿಯಲ್ಲಿ ಎಡವುವುದನ್ನು ಎಷ್ಟೋ ಸಲ ನೋಡಿದ್ದೇನೆ. ಇಷ್ಟು ಖರ್ಚಾಗಿದೆ, ಆಯಿಲ್ಲೂ ದುಬಾರಿಯದೇ ಇರಲಿ ಅಂತ ಸಿಂಥೆಟಿಕ್ ಸುರಿಯುತ್ತಾರೆ. ಸ್ವಲ್ಪ ದಿನಕ್ಕೇ ಟಕಟಕ ಸದ್ದು ಶುರುವಾಗುತ್ತದೆ. ಬಿಚ್ಚಿ ನೋಡಿದರೆ ವಾಲ್ವ್ ತೆರೆಸುವ ಹೊಸ ಕ್ಯಾಮ್‌ಶಾಫ್ಟಿನ ಲೋಬ್, ಅಂದರೆ ಅದರ ಉಬ್ಬು, ಸವೆದು ದುಂಡಗಾಗಿರುತ್ತದೆ.

ಲೋಬ್ ತಳ್ಳುವ ತುಂಡಿಗೆ ಟ್ಯಾಪೆಟ್ ಅನ್ನುತ್ತಾರೆ. ಮೊದಲು ನಿಮ್ಮದು ಚಪ್ಪಟೆ ಮುಖದ ಫ್ಲ್ಯಾಟ್ ಟ್ಯಾಪೆಟ್ಟಾ, ಉರುಳುವ ಚಕ್ರವಿರುವ ರೋಲರ್ರಾ ನೋಡಿಕೊಳ್ಳಿ. ಹಳೇ ಕಾರುಗಳಲ್ಲಿ ಹೆಚ್ಚಿನವು ಫ್ಲ್ಯಾಟ್. ರೋಲರ್ ಇದ್ದರೆ ಮುಂದೆ ಹೇಳುವ ಜಿಂಕ್ ಚಿಂತೆ ಅಷ್ಟಾಗಿ ಬೇಡ.

ಇನ್ನು ಆಯ್ಕೆ. ಇಲ್ಲಿ ಅವಸರ ಬೇಡ. ಫ್ಲ್ಯಾಟ್ ಟ್ಯಾಪೆಟ್ ಮೇಲೆ ಲೋಬ್ ಉಜ್ಜಿಕೊಂಡೇ ತಿರುಗುತ್ತದೆ. ವಾಲ್ವ್ ಸ್ಪ್ರಿಂಗಿನ ಒತ್ತಡವೆಲ್ಲ ಗೆರೆಯಷ್ಟು ಜಾಗದ ಮೇಲೆ ಬೀಳುತ್ತದೆ. ಅಲ್ಲಿ ಬರೀ ಎಣ್ಣೆಯ ಪದರ ಸಾಲದು. ಝಡ್‌ಡಿಡಿಪಿ ಎಂಬ, ಜಿಂಕ್ ಮತ್ತು ಫಾಸ್ಫರಸ್ ಇರುವ ರಾಸಾಯನಿಕ ಬೇಕು. ಅದು ಬಿಸಿಗೆ, ಒತ್ತಡಕ್ಕೆ ಒಡೆದು ಲೋಹದ ಮೇಲೆ ತೆಳುವಾದ ಹೊದಿಕೆ ಕಟ್ಟುತ್ತದೆ. ಆಮೇಲೆ ಕ್ಯಾಮ್ ಬದಲು ಆ ಹೊದಿಕೆ ಸವೆಯುತ್ತದೆ. ಆದರೆ ಫಾಸ್ಫರಸ್ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತದೆ. ಅದಕ್ಕೇ 2004ರ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಎಸ್‌ಎಂ ದರ್ಜೆಯಿಂದ 10ಡಬ್ಲ್ಯು-30ರಂಥ ತೆಳು ಆಯಿಲ್‌ಗಳಲ್ಲಿ ಅದನ್ನು 800 ಪಿಪಿಎಂಗೆ (ಹತ್ತು ಲಕ್ಷದಲ್ಲಿ 800 ಪಾಲು) ಇಳಿಸಿದರು. ಹೊಸ ಕಾರಿಗೆ ಅದು ಸರಿಯೇ. ನಿಮ್ಮ ಹೊಸ ಕ್ಯಾಮ್‌ಗೆ ಸಾಲದು.

ಹಾಗಾಗಿ ಡಬ್ಬಿಯ ಮುಂಭಾಗದ ದೊಡ್ಡ ಅಕ್ಷರ ನಂಬಬೇಡಿ, ಕಂಪನಿಯ ಡೇಟಾ ಶೀಟ್ ತೆಗೆದು ಓದಿ. ಸಿಂಥೆಟಿಕ್ ಅಲ್ಲದ ಮಿನರಲ್ ಆಯಿಲ್ ಆಗಿರಬೇಕು, ಜಿಂಕ್ 1,200 ಪಿಪಿಎಂ ಆಸುಪಾಸು ಅಥವಾ ತುಸು ಜಾಸ್ತಿ ಇರಬೇಕು, ಜಾರಿಕೆ ಹೆಚ್ಚಿಸುವ ಫ್ರಿಕ್ಷನ್ ಮಾಡಿಫೈಯರ್ ಇರಬಾರದು. ಪಿಸ್ಟನ್ನಿನ ಹೊಸ ರಿಂಗುಗಳು ಬೋರಿನ, ಅಂದರೆ ಸಿಲಿಂಡರಿನ ಒಳಗೋಡೆಯ, ಹೋನಿಂಗ್ ಗೆರೆಗಳಿಗೆ ಉಜ್ಜಿಕೊಂಡು ಕೂರಬೇಕಲ್ವಾ? ಜಾರಿಕೆ ಜಾಸ್ತಿಯಾದರೆ ಅವು ಕೂರುವುದೇ ಇಲ್ಲ. ಆಮೇಲೆ ಎಂಜಿನ್ ಆಯಿಲ್ ಕುಡಿಯುತ್ತಲೇ ಇರುತ್ತದೆ. ನನ್ನ ಮಾತು ಕೇಳುವುದಾದರೆ ರನ್ನಿಂಗ್-ಇನ್‌ಗೆಂದೇ, ಅಂದರೆ ಹೊಸ ಎಂಜಿನ್ ಪಳಗಿಸುವ ಮೊದಲ ಓಟಕ್ಕೆಂದೇ, ತಯಾರಾದ ಆಯಿಲ್ ತಗೊಳ್ಳಿ. ದಪ್ಪ ಎಷ್ಟಿರಬೇಕು ಅನ್ನುವುದನ್ನು ಎಂಜಿನ್ ಕಟ್ಟಿದವರನ್ನು ಕೇಳಿ. ಬೇರಿಂಗ್ ಕ್ಲಿಯರೆನ್ಸ್, ಅಂದರೆ ಬೇರಿಂಗಿನ ಸಂದು, ಗೊತ್ತಿರುವುದು ಅವರಿಗೆ.

ಅಗ್ಗದ ಆಯಿಲ್‌ಗೆ ಜಿಂಕ್ ಬಾಟಲಿ ಬೆರೆಸುವ ಒಳದಾರಿ ನನಗೆ ಒಪ್ಪಿಗೆಯಿಲ್ಲ. ಎಷ್ಟು ಸೇರಿತು ಅಂತ ಲೆಕ್ಕ ಸಿಗದು. ಅತಿಯಾದ ಜಿಂಕ್ ಕೂಡ ಲೋಹವನ್ನು ತಿನ್ನುತ್ತದೆ. ಡೀಸೆಲ್ ಎಂಜಿನ್ನಿನ ಆಯಿಲ್ ಹಾಕಿ ಅನ್ನುವುದು ಹಳೇ ಸಲಹೆ. 2006ರ ಸಿಜೆ-4 ದರ್ಜೆಯಿಂದ ಅದರಲ್ಲೂ ಫಾಸ್ಫರಸ್‌ಗೆ ಮಿತಿ ಬಂದಿದೆ. ಡಿಟರ್ಜೆಂಟ್ ಬೇರೆ ಜಾಸ್ತಿ. ಎಪಿಐ ಎಸ್‌ಎ ಎಂದು ಬರೆದ ಅಗ್ಗದ ಡಬ್ಬಿಯನ್ನಂತೂ ಮುಟ್ಟಲೇಬೇಡಿ. ಅದರಲ್ಲಿ ಸವೆತ ತಡೆಯುವಂಥದ್ದು ಏನೂ ಇಲ್ಲ.

ಜೋಡಿಸುವಾಗ ಲೋಬ್ ಮತ್ತು ಟ್ಯಾಪೆಟ್ ಮುಖಕ್ಕೆ ಮಾಲಿಬ್ಡಿನಂ ಪೇಸ್ಟ್ ಹಚ್ಚಿ. ರಿಂಗ್‌ಗೆ ತಾಗಿಸಬೇಡಿ.

ಆಯಿಲ್ ತುಂಬಿಸಿ, ಸ್ಟಾರ್ಟ್ ಮಾಡುವ ಮೊದಲೇ ಆಯಿಲ್ ಪಂಪ್ ತಿರುಗಿಸಿ ಒತ್ತಡ ಬರಿಸಿ. ಎಂಜಿನ್ನಿನ ಮೇಲ್ಭಾಗದ ರಾಕರ್ ಆರ್ಮ್‌ವರೆಗೆ ಆಯಿಲ್ ಬಂದದ್ದು ಕಣ್ಣಿಗೆ ಕಾಣಬೇಕು. ಕೂಲೆಂಟ್, ಪೆಟ್ರೋಲ್, ಟೈಮಿಂಗ್ ಎಲ್ಲ ಒಂದೇ ಸಲಕ್ಕೆ ಸ್ಟಾರ್ಟ್ ಆಗುವಂತಿರಲಿ. ಸುಮ್ನೆ ಸ್ಟಾರ್ಟರ್ ಎಳೆಯುತ್ತಾ ಕೂತರೆ ಹಚ್ಚಿದ ಪೇಸ್ಟ್ ಒರೆಸಿಹೋಗುತ್ತದೆ.

ಸ್ಟಾರ್ಟ್ ಆದ ತಕ್ಷಣ 2,000 ಆರ್‌ಪಿಎಂಗೆ ಏರಿಸಿ. ಅಲ್ಲಿಂದ 2,500ರವರೆಗೆ ಏರಿಸುತ್ತಾ ಇಳಿಸುತ್ತಾ 20ರಿಂದ 30 ನಿಮಿಷ ಓಡಿಸಿ. ಐಡ್ಲಿಂಗ್ ಬೇಡವೇ ಬೇಡ. ಇಂಥ ಬಹುತೇಕ ಎಂಜಿನ್‌ಗಳಲ್ಲಿ ಕ್ಯಾಮ್ ಲೋಬ್‌ಗೆ ಆಯಿಲ್ ಸಿಗುವುದು ಕ್ರ್ಯಾಂಕ್ ಎರಚಿದಾಗ. ನಿಧಾನಕ್ಕೆ ತಿರುಗಿದರೆ ಅದು ಸಾಕಷ್ಟು ಎರಚುವುದಿಲ್ಲ. ಸೋರಿಕೆ ಕಂಡರೆ ಅಥವಾ ಬಿಸಿ ಏರಿದರೆ ಪೂರ್ತಿ ಆಫ್ ಮಾಡಿ, ಸರಿಮಾಡಿ, ಉಳಿದ ನಿಮಿಷ ಮತ್ತೆ ಓಡಿಸಿ.

ಆಮೇಲೆ ಆಯಿಲ್, ಫಿಲ್ಟರ್ ಎರಡನ್ನೂ ತೆಗೆಯಿರಿ. ಫಿಲ್ಟರ್ ಕತ್ತರಿಸಿ ಒಳಗಿನ ಕಾಗದ ಬಿಡಿಸಿ ನೋಡಿ. ಬೂದಿಯಂಥ ನುಣುಪು ಪುಡಿ ಸಹಜ. ಕಣ್ಣಿಗೆ ಹೊಳೆಯುವ ಚೂರುಗಳಿದ್ದರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಎಲ್ಲ ಸರಿಯಿದ್ದರೆ ಅದೇ ಬಗೆಯ ಆಯಿಲ್ ತುಂಬಿ, ವೇಗ ಏರಿಸುತ್ತಾ ಇಳಿಸುತ್ತಾ 800 ಕಿ.ಮೀ. ಓಡಿಸಿ ಇನ್ನೊಮ್ಮೆ ಬದಲಿಸಿ. ಸಿಂಥೆಟಿಕ್ಕೇ ಬೇಕು ಅನ್ನುವವರು 5,000 ಕಿ.ಮೀ. ತನಕ ತಡೆಯಿರಿ. ಆಗಲೂ ಜಿಂಕ್ ಅಂಕಿ ನೋಡಿಯೇ ತಗೊಳ್ಳಿ.